ಬಾನೆಟ್ ಮೇಲೆರಡು ಪಟ್ಟೆ

ಈಗಿನ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಾಣುವುದು ಎಂಜಿನ್ ಅಲ್ಲ, ಎಂಜಿನ್ನನ್ನು ಮುಚ್ಚಿಟ್ಟ ಕಪ್ಪು ಪ್ಲಾಸ್ಟಿಕ್ ಹಲಗೆ. ಮಾಲೀಕ ಕೈಹಾಕಬಹುದಾದ ಜಾಗ ಎರಡೋ ಮೂರೋ: ವೈಪರಿಗೆ ನೀರು ತುಂಬುವ ಮುಚ್ಚಳ, ಆಯಿಲ್ ನೋಡುವ ಕಡ್ಡಿ, ಕೂಲೆಂಟ್ ಡಬ್ಬಿ. ಅದರಾಚೆ ಕೈಯಾಡಿಸಿದರೆ ವಾರಂಟಿ ಕೈಬಿಡುವ ಭಯ. ಫಿಯೆಟ್, ಅಂಬಾಸಿಡರ್ ಇಟ್ಟುಕೊಂಡವರು ಭಾನುವಾರ ಬೆಳಿಗ್ಗೆ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದರು, ಕಾರ್ಬುರೇಟರ್ ಇಳಿಸಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು, ಫ್ಯಾನ್ ಬೆಲ್ಟನ್ನು ತಾವೇ ಬದಲಿಸುತ್ತಿದ್ದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಬಹುಕಾಲ ಮನೆಯವರ ಮಾತು ಕೇಳುವ ಕಾರೇ ಆಗಿತ್ತು. ಆ ಸಲಿಗೆ ಈಗಿಲ್ಲ. ಬೆಂಗಳೂರಿನ ಹೊರವಲಯದಲ್ಲಂತೂ ಇದು ವಿಚಿತ್ರವಾಗಿ ಕಾಣುತ್ತದೆ. ವೈಟ್‌ಫೀಲ್ಡಿನಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿಯ ಸಂಶೋಧನಾ ಕೇಂದ್ರವಿದೆ. ಪೀಣ್ಯದ ಶೆಡ್ಡುಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಬಿಡಿಭಾಗ ಕಡೆಯುತ್ತಾರೆ. ಬೊಮ್ಮಸಂದ್ರದಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನೇ ಕಟ್ಟಿ 2001ರಲ್ಲಿ ರಸ್ತೆಗೆ ಇಳಿಸಿದರು. ಕಾರಿನ ಒಳಹೊರಗನ್ನು ಇಷ್ಟು ಬಲ್ಲವರು ಒಂದೆಡೆ ಸೇರಿರುವ ಊರು ದೇಶದಲ್ಲಿ ಹೆಚ್ಚಿಲ್ಲ. ಆದರೆ ಇವರಲ್ಲಿ ಬಹುಪಾಲು ಜನ ಸ್ವಂತ ಕಾರಿನಲ್ಲಿ ಮುಟ್ಟುವುದು ಸ್ಟಿಯರಿಂಗ್ ಮತ್ತು ಟಚ್‌ಸ್ಕ್ರೀನ್ ಎರಡನ್ನೇ.

ಕಾರಿನ ಮೈಮೇಲೆ ವಿನೈಲ್ ಹಾಳೆಯ ರೇಸಿಂಗ್ ಪಟ್ಟೆ ಅಂಟಿಸುವುದನ್ನು ಹುಡುಗಾಟ ಎಂದು ತಳ್ಳಿಹಾಕುವ ಮೊದಲು ಈ ಹಿನ್ನೆಲೆಯನ್ನು ನೆನೆಯಬೇಕು. ಅಳತೆಯಿಂದ ಹಿಡಿದು ಕೊನೆಯ ಅಂಚು ಒತ್ತುವವರೆಗೆ ಮಾಲೀಕನೇ ಪೂರ್ತಿಯಾಗಿ ಮಾಡಬಹುದಾದ ಕೆಲಸಗಳಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು, ಪಟ್ಟೆ ಅವುಗಳಲ್ಲೊಂದು. ಅದಕ್ಕೆ ಬೇಕಾದ ಸಲಕರಣೆ ಒಂದು ಬಕೆಟ್ಟಿನಲ್ಲಿ ಹಿಡಿಸುತ್ತದೆ. ಕೆಟ್ಟರೆ ಕಿತ್ತು ಹಾಕಬಹುದು. ಕಾನೂನು ಅಡ್ಡ ಬರುವುದು ಕೆಲವೇ ಕಡೆ. ಹಾಗಾಗಿ ಪಟ್ಟೆ ಬೇಕು ಎನ್ನಿಸಿದವರು ಅದನ್ನು ಅಂಗಡಿಯವರ ಕೈಗೆ ಒಪ್ಪಿಸದೆ ತಾವೇ ಅಂಟಿಸುವುದು ಲೇಸು ಎಂಬುದು ನನ್ನ ವಾದ. ಪಟ್ಟೆಯೇ ಬೇಡ ಎನ್ನುವವರ ಬಗ್ಗೆ ತಕರಾರಿಲ್ಲ. ಆದರೆ ಅವರು ಸಾಮಾನ್ಯವಾಗಿ ಮುಂದಿಡುವ ಕಾರಣ ಸರಿಯಲ್ಲ ಎಂಬುದನ್ನಾದರೂ ಹೇಳಬೇಕು.

ಆ ಕಾರಣ ಹೀಗಿರುತ್ತದೆ: ಸಿಲ್ಕ್ ಬೋರ್ಡಿನಲ್ಲಿ ಆಮೆನಡಿಗೆಯಲ್ಲಿ ತೆವಳುವ ಕಾರಿಗೆ ರೇಸಿನ ಪಟ್ಟೆ ಯಾಕೆ? ವೇಗವಿಲ್ಲದಲ್ಲಿ ವೇಗದ ವೇಷ ಹಾಸ್ಯಾಸ್ಪದವಲ್ಲವೇ? ಕೇಳಲು ಚೆನ್ನಾಗಿದೆ, ಚರಿತ್ರೆ ಮಾತ್ರ ಬೇರೆ ಹೇಳುತ್ತದೆ. ಪಟ್ಟೆ ಹುಟ್ಟಿದ್ದು ವೇಗದ ಅಲಂಕಾರವಾಗಿ ಅಲ್ಲ, ಗುರುತಿನ ಚೀಟಿಯಾಗಿ. ಯುರೋಪಿನ ಹಳೆಯ ರೇಸುಗಳಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ: ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಮೊದಲು ಬಿಳಿ, ಆಮೇಲೆ ಬೆಳ್ಳಿ. ಅಮೆರಿಕಕ್ಕೆ ಬಿಳಿ ಮೈ, ನೀಲಿ ಚಾಸಿ. ಚಾಸಿ ಹೊರಗೆ ಕಾಣುತ್ತಿದ್ದಷ್ಟು ಕಾಲ ಈ ಲೆಕ್ಕ ಸರಿಹೋಯಿತು. ಕಾರಿನ ಮೈ ಚಾಸಿಯನ್ನು ಪೂರ್ತಿ ಮುಚ್ಚಿಕೊಂಡ ಮೇಲೆ ಆ ನೀಲಿ ಎರಡು ಪಟ್ಟೆಯಾಗಿ ಮೇಲೆ ಹತ್ತಿತು ಎಂದು ಮೋಟಾರು ಚರಿತ್ರೆಕಾರರು ವಿವರಿಸುತ್ತಾರೆ. 1951ರಲ್ಲಿ ಫ್ರಾನ್ಸಿನ ಲೆಮಾನ್ಸ್ 24 ಗಂಟೆ ಓಟಕ್ಕೆ ಬ್ರಿಗ್ಸ್ ಕನಿಂಗ್‌ಹ್ಯಾಮ್ ಇಳಿಸಿದ ಬಿಳಿ ಕಾರುಗಳ ಮೇಲೆ ಇಂಥ ನೀಲಿ ಪಟ್ಟೆಗಳಿದ್ದವು. 1965ರ ಶೆಲ್ಬಿ ಮಸ್ಟಾಂಗ್ ಜಿಟಿ 350 ಅದನ್ನೇ ಶೋರೂಮಿಗೆ ತಂದಿತು, ಅಲ್ಲಿಂದ ಜಗತ್ತಿನ ಗಲ್ಲಿಗಲ್ಲಿಗೆ ಹಬ್ಬಿತು. ದೂರದ ತಿರುವಿನಲ್ಲಿ ಕಾರು ಕಾಣಿಸಿಕೊಂಡಾಗ ಇದು ನಮ್ಮದು ಎಂದು ಪಿಟ್‌ನಲ್ಲಿ ನಿಂತವರಿಗೆ ಗೊತ್ತಾಗಬೇಕು, ಅಷ್ಟೇ ಅದರ ಕೆಲಸ. ಈಗ ವೈಟ್‌ಫೀಲ್ಡಿನ ಯಾವುದಾದರೂ ಅಪಾರ್ಟ್‌ಮೆಂಟಿನ ಎರಡನೆಯ ಬೇಸ್‌ಮೆಂಟಿಗೆ ಇಳಿಯಿರಿ. ಭಾರತದಲ್ಲಿ ಅತಿ ಹೆಚ್ಚು ಮಾರಾಟವಾಗುವುದು ಬಿಳಿ ಕಾರು. ಅಲ್ಲಿ ನಿಂತಿರುವ ಬಿಳಿ ಕ್ರೆಟಾ, ಬಿಳಿ ಸ್ವಿಫ್ಟ್, ಬಿಳಿ ನೆಕ್ಸಾನ್‌ಗಳ ಸಾಲಿನಲ್ಲಿ ನಮ್ಮದು ಯಾವುದು ಎಂದು ತಿಳಿಯಲು ರಿಮೋಟ್ ಒತ್ತಿ ಲೈಟು ಮಿಣುಕಿಸಬೇಕು. ಐಟಿ ಪಾರ್ಕಿನ ಮಲ್ಟಿಲೆವೆಲ್ ಪಾರ್ಕಿಂಗಿನಲ್ಲೂ ಇದೇ ಪಾಡು. ಪಟ್ಟೆ ಲೆಮಾನ್ಸ್‌ನಲ್ಲಿ ಯಾವ ಕೆಲಸ ಮಾಡಿತೋ ಅದನ್ನೇ ಇಲ್ಲೂ ಮಾಡುತ್ತದೆ, ಅದಕ್ಕೆ ಗಂಟೆಗೆ ಇನ್ನೂರು ಕಿಲೋಮೀಟರ್ ಬೇಕಿಲ್ಲ.

ಗುರುತೇ ಬೇಕಾದರೆ ಹಿಂದಿನ ಗಾಜಿಗೆ ಒಂದು ಸ್ಟಿಕರ್ ಸಾಲದೇ ಎಂದು ಕೇಳಬಹುದು. ನಮ್ಮ ಊರಿನಲ್ಲಿ ಸ್ಟಿಕರಿಗೆ ದೊಡ್ಡ ಪರಂಪರೆಯೇ ಇದೆ. 1990ರ ಸೆಪ್ಟೆಂಬರ್ 30ರಂದು ತೀರಿಕೊಂಡ ನಟ ಶಂಕರ್‌ನಾಗ್ ಇಂದಿಗೂ ಬೆಂಗಳೂರಿನ ಆಟೋಗಳ ಮೇಲೆ ಓಡಾಡುತ್ತಿದ್ದಾರೆ. 2021ರ ಅಕ್ಟೋಬರಿನಲ್ಲಿ ಅಗಲಿದ ನಟ ಅಪ್ಪು ಕೂಡ ಅವರ ಜೊತೆಗೂಡಿದರು. ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಬಾವುಟಕ್ಕೆಂದು ಬರೆದುಕೊಟ್ಟ ಕೇಸರಿ ಕಪ್ಪಿನ ಹನುಮನ ಮುಖ ಒಂದೆರಡು ವರ್ಷದಲ್ಲಿ ಬೆಂಗಳೂರಿನ ಲೆಕ್ಕವಿಲ್ಲದಷ್ಟು ಕಾರುಗಳ ಹಿಂಗಾಜಿಗೆ ಬಂದು ಕೂತಿತು. ಎರಡೇ ಬಣ್ಣ, ಸ್ಪಷ್ಟ ಅಂಚು, ಕಂಪ್ಯೂಟರಿನಲ್ಲಿ ಎಳೆದ ಗೆರೆ: ಹಾಳೆ ಕತ್ತರಿಸುವ ಪ್ಲಾಟರ್ ಯಂತ್ರಕ್ಕೆ ಹೇಳಿ ಮಾಡಿಸಿದಂಥ ಚಿತ್ರ ಅದು. ರೇಡಿಯಂ ಅಂಗಡಿಯ ಪ್ಲಾಟರ್ ಎಷ್ಟು ದೂರ ಮುಟ್ಟಬಲ್ಲದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ಇಂಥ ಸ್ಟಿಕರುಗಳೆಲ್ಲ ಏನನ್ನೋ ಸಾರುತ್ತವೆ: ಅಭಿಮಾನ, ಭಕ್ತಿ, ಜಾತಿ, ವೃತ್ತಿ, ಪಕ್ಷ. ‘ಪ್ರೆಸ್’, ‘ಅಡ್ವೊಕೇಟ್’ ಎಂಬ ಬರಹ ಗುರುತಿಗಿಂತ ರಿಯಾಯಿತಿಯ ಅರ್ಜಿಯಾಗಿ ಕೆಲಸ ಮಾಡುವುದೇ ಹೆಚ್ಚು. ಪಟ್ಟೆ ಯಾರ ಪರವೂ ಮಾತಾಡುವುದಿಲ್ಲ. ಅದು ಕಾರನ್ನು ತೋರಿಸುತ್ತದೆ, ಕಾರಿನವನನ್ನಲ್ಲ. ಬಣ್ಣಕ್ಕೆ ನಾಡಿನ ನಂಟು ಬೇಕೇಬೇಕು ಎನ್ನುವವರಿಗೆ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟುಹೋದ ಕನ್ನಡ ಬಾವುಟದ ಹಳದಿ ಕೆಂಪು ಇದೆ. ರೇಸಿನ ಹಳೆಯ ಕ್ರಮದಲ್ಲಿ ದೇಶಕ್ಕೊಂದು ಬಣ್ಣವಿದ್ದಂತೆ ಇದು ನಮ್ಮದು, ಬಿಳಿ ಕಾರಿನ ಮೇಲೆ ಚೆನ್ನಾಗಿಯೇ ಒಪ್ಪುತ್ತದೆ. ಕೆಂಪು ಕಾರಿನ ಮೇಲೆ ಪ್ರಯತ್ನಿಸದಿರುವುದು ಒಳ್ಳೆಯದು.

ಇನ್ನು ಗಟ್ಟಿಯಾದ ಆಕ್ಷೇಪ. ಜೆ.ಸಿ. ರಸ್ತೆಯಲ್ಲೋ ಮಾರತಹಳ್ಳಿಯಲ್ಲೋ ಸ್ಟಿಕರ್ ಹುಡುಗರು ಗಂಟೆಯೊಳಗೆ ಮಾಡಿಕೊಡುವ ಕೆಲಸಕ್ಕೆ ನಾವು ಅರ್ಧ ದಿನ ಒದ್ದಾಡಿ, ಗುಳ್ಳೆ ಬರಿಸಿ, ಸೊಟ್ಟ ಮಾಡಿಕೊಳ್ಳುವುದೇಕೆ? ಪೂರ್ತಿ ಕಾರಿಗೆ ರ‍್ಯಾಪಿಂಗ್ ಮಾಡಿಸುವ ಮಾತಾದರೆ ಈ ಆಕ್ಷೇಪವನ್ನು ಹಾಗೆಯೇ ಒಪ್ಪುತ್ತೇನೆ. ಕನ್ನಡಿಯ ಉಬ್ಬು, ಬಾಗಿಲ ಹಿಡಿಕೆಯ ತಗ್ಗು, ಬಂಪರಿನ ಮೂಲೆಗಳಿಗೆ ಹಾಳೆ ಎಳೆದು ಕೂರಿಸಲು ವರ್ಷಗಳ ಕೈಪಳಗು ಬೇಕು. ಆದರೆ ಬಾನೆಟ್, ರೂಫ್, ಡಿಕ್ಕಿಯ ಮೇಲೆ ನೇರವಾಗಿ ಹೋಗುವ ಪಟ್ಟೆ ಬೇರೆ ಜಾತಿಯ ಕೆಲಸ. ಅಲ್ಲಿ ಕಷ್ಟವಿರುವುದು ಅಂಟಿಸುವುದರಲ್ಲಿ ಅಲ್ಲ, ಅಳೆಯುವುದರಲ್ಲಿ. ಅಳೆಯಲು ತಾಳ್ಮೆ ಸಾಕು, ತಾಳ್ಮೆ ಮಾಲೀಕನಿಗಿರುವಷ್ಟು ಅಂಗಡಿಗಿರುವುದಿಲ್ಲ, ಅವರಿಗೆ ಮುಂದಿನ ಕಾರು ಕಾಯುತ್ತಿರುತ್ತದೆ. ಅಂಟಿನ ಭಾಗವನ್ನು ಕಾರ್ಖಾನೆಗಳು ಎಂದೋ ಸುಲಭ ಮಾಡಿಟ್ಟಿವೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರಿನ ಷೋಕಿ ಹಬ್ಬಿದಾಗ ಬಣ್ಣಗಳ ನಡುವಿನ ಗೆರೆ ನೇರವಾಗಿ ಬಾರದೆ ಪೇಂಟರುಗಳು ಶಪಿಸುತ್ತಿದ್ದರಂತೆ; ಉಪ್ಪುಕಾಗದ ಪರೀಕ್ಷಿಸಲು ಗ್ಯಾರೇಜಿಗೆ ಹೋಗಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಅದನ್ನು ಕೇಳಿಸಿಕೊಂಡು 1925ರಲ್ಲಿ ಮಾಸ್ಕಿಂಗ್ ಟೇಪ್ ಕಂಡುಹಿಡಿದ. ಗೋಂದಿನ ಟೇಪಿಗೂ ಕಾರಿನ ಮೇಲಿನ ಗೆರೆಗೂ ಇರುವ ಸಂಬಂಧ ಅಷ್ಟು ಹಳೆಯದು. ಅದೇ ಕಂಪನಿಯ ಭಾರತದ ಘಟಕ ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಈಗಿನ ಒಳ್ಳೆಯ ಹಾಳೆಗಳ ಗೋಂದು ಮೆಲ್ಲಗೆ ತಾಗಿದರೆ ಹಿಡಿಯುವುದಿಲ್ಲ, ಒತ್ತಿದರೆ ಹಿಡಿಯುತ್ತದೆ. ಗೋಂದಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿದ್ದು ಸಿಕ್ಕಿಬಿದ್ದ ಗಾಳಿ ಅವುಗಳ ಮೂಲಕ ಹೊರಬೀಳುತ್ತದೆ. ಹೊಸಬನ ಕೈ ತಪ್ಪುತ್ತದೆ ಎಂದು ಲೆಕ್ಕ ಹಾಕಿಯೇ ತಯಾರಾದ ವಸ್ತು ಇದು.

ಎಲ್ಲ ವಿನೈಲ್ ಒಂದೇ ಅಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು. ಸ್ವಂತವಾಗಿ ಮಾಡುವವರು ಸೋಲುವುದು ಬಹುಮಟ್ಟಿಗೆ ಇಲ್ಲೇ, ಅಂಗಡಿಯಲ್ಲಿ. ಅಗ್ಗದ ಬೋರ್ಡು ಬರೆಯುವ ಹಾಳೆ ಕ್ಯಾಲೆಂಡರ್ಡ್ ಜಾತಿಯದು: ಬಿಸಿ ಪಿವಿಸಿಯನ್ನು ಉರುಳೆಗಳ ನಡುವೆ ಒತ್ತಿ ತೆಳುಮಾಡಿದ್ದು. ದುಬಾರಿಯದು ಕಾಸ್ಟ್ ಜಾತಿ: ದ್ರವವಾಗಿ ಸುರಿದು ಒಣಗಿಸಿದ್ದು, ದಪ್ಪ ಸುಮಾರು 50 ಮೈಕ್ರಾನ್. ಲಟ್ಟಿಸಿದ ಚಪಾತಿ ಕೈಬಿಟ್ಟೊಡನೆ ಮುದುಡುವುದನ್ನೂ ಕಾವಲಿಗೆ ಹುಯ್ದ ನೀರುದೋಸೆ ಹುಯ್ದಲ್ಲೇ ಇರುವುದನ್ನೂ ಕಂಡವರಿಗೆ ಎರಡರ ವ್ಯತ್ಯಾಸ ವಿವರಿಸಬೇಕಿಲ್ಲ. ಒತ್ತಿದ ಹಾಳೆ ಬಿಸಿಲು ಕಂಡಂತೆ ತನ್ನ ಮೊದಲಿನ ಅಳತೆಗೆ ಮರಳಲು ನೋಡುತ್ತದೆ, ಅಂಚಿನಲ್ಲಿ ಗೋಂದಿನ ಕಪ್ಪು ಗೆರೆ ಬಿಟ್ಟು ಒಳಗೆ ಸರಿಯುತ್ತದೆ, ಆ ಗೋಂದಿಗೆ ಧೂಳು ಮೆತ್ತುತ್ತದೆ. ಬೆಂಗಳೂರಿನ ಬಿಸಿಲು ಹಿತವಾದದ್ದು ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಈ ಊರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಬಾನೆಟ್ ಮತ್ತು ರೂಫ್ ಆ ಬಿಸಿಲಿಗೆ ಮೈಯೊಡ್ಡಿ ಮಲಗಿರುವ ಭಾಗಗಳು. ಹಾಳೆ ತಯಾರಕರು ಗೋಡೆಯಂತೆ ನಿಂತ ಮೈಗೆ ಕೊಡುವ ಭರವಸೆಯನ್ನು ಮಲಗಿದ ಮೈಗೆ ಕೊಡುವುದಿಲ್ಲ, ವರ್ಷಗಳನ್ನು ಕಡಿಮೆ ಮಾಡಿಯೇ ಹೇಳುತ್ತಾರೆ. ಆದ್ದರಿಂದ ಕೂಲಿಯಲ್ಲಿ ಉಳಿಸಿದ ದುಡ್ಡನ್ನು ಹಾಳೆಯ ಗುಣಮಟ್ಟಕ್ಕೆ ಹಾಕುವುದು ಜಾಣತನ. ಕಾಸ್ಟ್ ಹಾಳೆ ಕೊಳ್ಳದೆ ಈ ಕೆಲಸಕ್ಕೆ ಇಳಿಯುವುದಾದರೆ ನನ್ನ ವಾದವನ್ನು ಇಲ್ಲಿಗೇ ಹಿಂತೆಗೆದುಕೊಳ್ಳುತ್ತೇನೆ.

ಅಳತೆಗೆ ಬರೋಣ, ಈ ಕೆಲಸದ ಸೊಗಸು ಇರುವುದೇ ಅಲ್ಲಿ. ಕಾರಿಗೆ ನಡುಗೆರೆ ಎಂಬುದು ಎಲ್ಲೂ ಬರೆದಿರುವುದಿಲ್ಲ. ಕಂಪನಿಯ ಲೋಗೊ ಸರಿಯಾಗಿ ನಡುವೆ ಇದೆ ಎಂದು ನಂಬಿದರೆ ಕೆಲವೊಮ್ಮೆ ಎರಡು ಮೂರು ಮಿಲಿಮೀಟರ್ ತಪ್ಪಬಹುದು. ಬಾನೆಟ್ ಕೂತ ರೀತಿಯಲ್ಲೂ ಎಡಬಲದ ಸಂದು ಒಂದೇ ಸಮ ಇರಲಿಕ್ಕಿಲ್ಲ. ಬಾನೆಟ್ಟಿನ ಎರಡು ಅಂಚಿನಿಂದ ಮೂರು ನಾಲ್ಕು ಕಡೆ ಅಳೆದು ನಡುಬಿಂದು ಗುರುತಿಸಬೇಕು, ರೂಫಿಗೂ ಡಿಕ್ಕಿಗೂ ಹಾಗೆಯೇ ಮಾಡಬೇಕು, ಆಮೇಲೆ ಮುಂದಿನ ಬಂಪರಿನಿಂದ ಹಿಂದಿನವರೆಗೆ ಗಾರೆಯವರು ಹಿಡಿಯುವಂತೆ ನೂಲು ಎಳೆದು ಬಿಂದುಗಳೆಲ್ಲ ಅದರಡಿ ಬೀಳುತ್ತವೆಯೇ ನೋಡಬೇಕು. ನಡುವೆ ಗಾಜು ಅಡ್ಡ ಬರುವುದರಿಂದ ಬಾನೆಟ್ಟಿನ ಪಟ್ಟೆಯೂ ರೂಫಿನ ಪಟ್ಟೆಯೂ ಬೇರೆ ಬೇರೆ ತುಂಡು. ಎರಡೂ ಒಂದೇ ಗೆರೆಯಲ್ಲಿವೆ ಎಂದು ಕಣ್ಣು ನಂಬುವುದು ಈ ನೂಲಿನ ದಯೆಯಿಂದ. ಪಟ್ಟೆಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಸೌಂದರ್ಯಪ್ರಜ್ಞೆಗಿಂತ ಮೊದಲು ರೂಫಿನ ಮೇಲಿನ ಆಂಟೆನಾ ನಿರ್ಧರಿಸುತ್ತದೆ. ಈಗಿನ ಬಹಳ ಕಾರುಗಳಲ್ಲಿ ಅದು ಮೀನಿನ ರೆಕ್ಕೆಯ ಆಕಾರದಲ್ಲಿ ಸರಿಯಾಗಿ ನಡುವೆ ಕೂತಿರುತ್ತದೆ. ಅದರ ಬುಡಕ್ಕೆ ತಾಗದಂತೆ ಎರಡು ಪಟ್ಟೆ ಹಾಯುವಷ್ಟು ಅಂತರ ಬಿಟ್ಟರೆ ಕತ್ತರಿಸುವ ಕಷ್ಟವೇ ಇಲ್ಲ. ಸನ್‌ರೂಫ್ ಇದ್ದರೆ ರೂಫನ್ನು ಮರೆತು ಬಾನೆಟ್ ಒಂದಕ್ಕೇ ತೃಪ್ತಿಪಡುವುದು ಮೇಲು. ಅಗಲದ ಬಗ್ಗೆ ಹೇಳುವುದಾದರೆ, ಎರಡು ಪಟ್ಟೆ ಮತ್ತು ನಡುವಿನ ಜಾಗ ಸೇರಿ ಬಾನೆಟ್ಟಿನ ಅಗಲದ ಮೂರನೆಯ ಒಂದು ಭಾಗ ದಾಟಿದರೆ ಪುಟ್ಟ ಕಾರು ಇನ್ನಷ್ಟು ಪುಟ್ಟದಾಗಿ ಕಾಣುತ್ತದೆ. ಮೊದಲು ಮಾಸ್ಕಿಂಗ್ ಟೇಪಿನಲ್ಲಿ ಅಂಚುಗಳನ್ನು ಮಾತ್ರ ಅಂಟಿಸಿ, ಹತ್ತು ಹೆಜ್ಜೆ ದೂರ ಹೋಗಿ ನೋಡಿ, ಒಂದು ರಾತ್ರಿ ಹಾಗೆಯೇ ಬಿಟ್ಟರೆ ಮರುದಿನ ಅರ್ಧದಷ್ಟು ಜನ ಅಗಲ ಕಡಿಮೆ ಮಾಡುತ್ತಾರೆ ಎಂಬುದು ನನ್ನ ಊಹೆ.

ಹಾಳೆಯನ್ನು ಪ್ಲಾಟರಿನಲ್ಲಿ ಬೇಕಾದ ಅಗಲಕ್ಕೆ ಕತ್ತರಿಸಿಯೇ ತರಬೇಕು. ಕಾರಿನ ಮೇಲೆ ಹಾಳೆ ಹರವಿ ಕಟರಿನಿಂದ ಸೀಳುವ ಅಭ್ಯಾಸ ಅಂಗಡಿಗಳಲ್ಲೂ ಇದೆ. ಪರಿಣತರ ಕೈಯಲ್ಲಿ ಅದು ಸಲೀಸು, ಉಳಿದವರ ಕೈಯಲ್ಲಿ ಕಾರಿಗೆ ಕಂಟಕ. ಲೆಕ್ಕ ಸರಳ: ಕಾರ್ಖಾನೆಯಲ್ಲಿ ಬಳಿದ ಬಣ್ಣದ ಎಲ್ಲ ಪದರಗಳೂ ಸೇರಿ ದಪ್ಪ ನೂರು ಮೈಕ್ರಾನಿನ ಆಸುಪಾಸು, ಮೇಲಿನ ಪಾರದರ್ಶಕ ಪದರ ಅದರ ಅರ್ಧಕ್ಕಿಂತ ಕಡಿಮೆ. ಐವತ್ತು ಮೈಕ್ರಾನಿನ ಹಾಳೆ ಸೀಳಿ ಅಲ್ಲಿಗೇ ನಿಲ್ಲಿಸಬಲ್ಲ ಕೈ ಎಷ್ಟು ಜನರದ್ದಿದೆ? ಆ ಗೀರು ಅಂದು ಕಾಣುವುದಿಲ್ಲ, ಎರಡು ಮಳೆಗಾಲ ಕಳೆದ ಮೇಲೆ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಕತ್ತರಿಸಿ ತಂದ ಪಟ್ಟೆಯನ್ನು ಗುರುತಿನ ಮೇಲಿಟ್ಟು, ನಡುವೆ ಅಡ್ಡಲಾಗಿ ಟೇಪ್ ಹಾಕಿ ಬಿಗಿಮಾಡಿ, ಒಂದು ಅರ್ಧದ ಹಿಂಗಾಗದ ಬಿಡಿಸಿ, ನಡುವಿನಿಂದ ಹೊರಕ್ಕೆ ಸ್ಕ್ವೀಜಿಯಿಂದ ಒತ್ತುತ್ತ ಹೋಗಿ, ಆಮೇಲೆ ಇನ್ನೊಂದು ಅರ್ಧಕ್ಕೆ ಹೊರಳಬೇಕು. ಗಾಳಿಯ ಕಾಲುವೆ ಇರುವ ಹಾಳೆಗೆ ನೀರು ಬೇಡ. ಇಲ್ಲದ ಹಾಳೆಗೆ ಲೀಟರ್ ನೀರಿಗೆ ಪಾತ್ರೆ ಸೋಪಿನ ಕೆಲವು ಹನಿ ಬೆರೆಸಿ ಚಿಮುಕಿಸಿದರೆ ಸರಿಪಡಿಸಲು ಪುರುಸೊತ್ತು ಸಿಗುತ್ತದೆ. ಉಳಿದ ಗುಳ್ಳೆಗೆ ಸೂಜಿಮೊನೆ ಸಾಕು. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಒಳಗೇ ನಿಲ್ಲಿಸಿದರೆ ಕಾರು ತೊಳೆಯುವವರ ಬಟ್ಟೆಗೆ ಸಿಕ್ಕಿ ಏಳುವುದಿಲ್ಲ. ಮುಗಿದ ಮೇಲೆ ಹೇರ್ ಡ್ರೈಯರಿನ ಬಿಸಿ ತಾಗಿಸಿ ಇನ್ನೊಮ್ಮೆ ಒತ್ತಿ, ಒಂದು ವಾರ ತೊಳೆಯದೆ ಬಿಟ್ಟರೆ ಆಯಿತು.

ಈ ಪ್ರದೇಶಕ್ಕೇ ಮೀಸಲಾದ ತೊಡಕುಗಳೂ ಇವೆ. ಪೀಣ್ಯದ ಗಾಳಿಯಲ್ಲಿ ಲೋಹದ ಪುಡಿಯಿದೆ, ಹೊರವರ್ತುಲ ರಸ್ತೆಯ ಉದ್ದಕ್ಕೂ ಮೆಟ್ರೊ ಕಾಮಗಾರಿಯ ಸಿಮೆಂಟ್ ಧೂಳಿದೆ. ಹಾಳೆಯ ಕೆಳಗೆ ಸಿಕ್ಕಿದ ಒಂದು ಕಣ ಮೊಡವೆಯಂತೆ ಎದ್ದು ನಿಲ್ಲುತ್ತದೆ, ಅದನ್ನು ಯಾವ ಸೂಜಿಯೂ ತೆಗೆಯಲಾರದು. ಆದುದರಿಂದ ಬಯಲಿಗಿಂತ ಗಾಳಿಯಾಡದ ಬೇಸ್‌ಮೆಂಟ್ ವಾಸಿ. ವೈಟ್‌ಫೀಲ್ಡಿನ ಕಡೆಯ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಕೊನೆಯ ಒರೆಸುವಿಕೆಗೆ ಆರ್.ಓ. ನೀರನ್ನೇ ಬಳಸಿ, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೇಣ, ಪಾಲಿಶಿನ ಜಿಡ್ಡು ತೆಗೆಯಬೇಕು. ನೀರನ್ನು ದಂಡಿಯಾಗಿ ಸುರಿಯುವ ಕಾಲವೂ ಇದಲ್ಲ: 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ ಬೆಂಗಳೂರು ಜಲಮಂಡಳಿ 5,000 ರೂಪಾಯಿ ದಂಡ ಘೋಷಿಸಿತ್ತು. ಪುಣ್ಯಕ್ಕೆ ಪಟ್ಟೆಯ ಜಾಗ ಒರೆಸಲು ಎರಡು ಬಕೆಟ್ ಸಾಕು. ಡಿಸೆಂಬರಿನ ಮುಂಜಾವಿನ ಚಳಿಯಲ್ಲಿ ಗೋಂದು ಜಡ್ಡು, ಏಪ್ರಿಲ್ ಮಧ್ಯಾಹ್ನ ಕಾದ ಬಾನೆಟ್ ಮೇಲೆ ಅದು ಇಟ್ಟೊಡನೆ ಕಚ್ಚಿಕೊಳ್ಳುತ್ತದೆ. ಮೈ ಇಪ್ಪತ್ತೈದು ಡಿಗ್ರಿ ಆಸುಪಾಸಿನಲ್ಲಿರುವ, ನೆರಳಿನ, ಬೆಳಗಿನ ಹತ್ತರ ನಂತರದ ಹೊತ್ತು ಒಳ್ಳೆಯದು.

ಬಣ್ಣ ಕಿತ್ತು ಬರುತ್ತದೆ, ಮಾರುವಾಗ ಬೆಲೆ ಬೀಳುತ್ತದೆ ಎಂಬ ಭಯ ಅರ್ಧ ನಿಜ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಗುಜರಿಯಿಂದಲ್ಲ, ಶೋರೂಮಿನಿಂದ ಬಂದ ಕಾರಿನ ಮೂಲ ಬಣ್ಣ ಒಳ್ಳೆಯ ಹಾಳೆಯ ಜೊತೆ ಏಳುವುದು ಅಪರೂಪ. ಪೆಟ್ಟು ಬಿದ್ದು ಡೆಂಟಿಂಗ್ ಪೇಂಟಿಂಗ್ ಆದ ಭಾಗದ ಕಥೆಯೇ ಬೇರೆ, ಅಲ್ಲಿ ಬಣ್ಣ ಹೆಚ್ಚೆಂದರೆ 60 ಡಿಗ್ರಿ ಕಂಡಿರುತ್ತದೆ, ಕೆಲವು ಗ್ಯಾರೇಜಿನಲ್ಲಿ ಬರೀ ಬಿಸಿಲು. ಅಂಥ ಬಾನೆಟ್ಟಿಗೆ ಪಟ್ಟೆ ಹಾಕದಿರುವುದೇ ಕ್ಷೇಮ. ಹಾಕಲೇಬೇಕಾದರೆ ಬಣ್ಣ ಪೂರ್ತಿ ಒಣಗಲು ತಿಂಗಳಾದರೂ ಬಿಡಬೇಕು. ಇನ್ನೊಂದು ನಷ್ಟ ತಪ್ಪಿಸಲಾಗದ್ದು: ಹಾಳೆಯ ಕೆಳಗಿನ ಬಣ್ಣ ಬಿಸಿಲು ಕಾಣುವುದಿಲ್ಲ, ಸುತ್ತಲಿನದು ಮಾಸುತ್ತದೆ, ವರ್ಷಗಳ ಮೇಲೆ ಕಿತ್ತಾಗ ಪಟ್ಟೆಯ ನೆರಳು ಉಳಿಯುತ್ತದೆ. ಬಿಳಿ, ಬೆಳ್ಳಿ ಬಣ್ಣದಲ್ಲಿ ಅದು ಕಾಣದಷ್ಟು ಮಂಕು, ಕೆಂಪಿನಲ್ಲಿ ಎದ್ದು ಕಾಣುತ್ತದೆ. ಎರಡು ಮೂರು ಬೇಸಿಗೆಗೊಮ್ಮೆ, ಹಾಳೆ ಇನ್ನೂ ಮೆತ್ತಗಿರುವಾಗಲೇ, ಬಿಸಿ ತಾಗಿಸಿ, ಮೈಗೆ ಹತ್ತಿರವಾಗಿ ಮಡಚಿ ಎಳೆದರೆ ಇಡಿಯಾಗಿ ಬರುತ್ತದೆ. ಆಸೆಗೆ ಬಿದ್ದು ಐದಾರು ವರ್ಷ ಬಿಟ್ಟರೆ ಹಪ್ಪಳದ ಚೂರಾಗಿ ಏಳುತ್ತದೆ, ಆಗ ಉಗುರೂ ಸವೆಯುತ್ತದೆ, ಸಹನೆಯೂ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಕಲಮಿನ ವಿವರಣೆ ಮಾರ್ಪಾಡು ಎಂದು ಕರೆಯುವುದು ವಾಹನದ ರಚನೆಯ ಬದಲಾವಣೆಯನ್ನು, ಮೇಲೆ ಅಂಟಿಸಿದ ಹಾಳೆಯನ್ನಲ್ಲ. ಆದರೆ ಆರ್.ಸಿ.ಯಲ್ಲಿ ಬಣ್ಣ ನಮೂದಾಗಿರುತ್ತದೆ. ಬಿಳಿ ಎಂದು ಬರೆದ ಕಾರು ನೋಡಿದವರಿಗೆ ಬಿಳಿಯಾಗಿಯೇ ಕಾಣಬೇಕು. ಇಡೀ ಮೈ ಕಪ್ಪು ಹಾಳೆಯಲ್ಲಿ ಮುಚ್ಚಿದರೆ ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ, ಎರಡು ಪಟ್ಟೆಗೆ ಆ ಪ್ರಮೇಯವಿಲ್ಲ. ಗಾಜಿನ ಮೇಲೆ ಪಟ್ಟೆ ಮುಂದುವರಿಸುವ ಚಪಲ ಬೇಡ, 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಕಪ್ಪು ಫಿಲ್ಮ್ ನಿಷೇಧಿಸಿದ ಮೇಲೆ ಪೊಲೀಸರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ನಂಬರ್ ಪ್ಲೇಟಿನ ಹತ್ತಿರವೂ ಸುಳಿಯಬಾರದು. ಮುಂಭಾಗಕ್ಕೆ ಹೊಳೆಯುವ ಕೆಂಪು ರೇಡಿಯಂ ಪಟ್ಟೆಯಂತೂ ಬೇಡ; ಲಾರಿಗಳಿಗೆ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಎಂಬ ನಿಯಮ ಇರುವುದೇ ಕತ್ತಲಲ್ಲಿ ಮುಂದೂ ಹಿಂದೂ ತಿಳಿಯಲಿ ಎಂದು. ಕೆಲವು ಹೊಸ ಕಾರುಗಳಲ್ಲಿ ಮುಂದಿನ ಬಂಪರ್ ಅಥವಾ ಲೋಗೊ ಹಿಂದೆ ರಾಡಾರ್ ಇರುತ್ತದೆ, ಲೋಹದ ಅಂಶವಿರುವ ಹಾಳೆ ಅದನ್ನು ಕುರುಡು ಮಾಡುತ್ತದೆ; ಕಾನೂನು ಹೇಳಲಿ ಬಿಡಲಿ ಅಲ್ಲಿ ಅಂಟಿಸಬಾರದು. ಕಂಪನಿಯ ಲೀಸ್ ಕಾರು ಓಡಿಸುವ ಐಟಿ ನೌಕರರು ಒಮ್ಮೆ ಕರಾರುಪತ್ರ ಓದಿಕೊಳ್ಳಬೇಕು, ಆ ಕಾರು ಅವರದಲ್ಲ.

ಉಳಿದದ್ದು ಮನಸ್ಸಿಗೆ ತುಸು ಚುಚ್ಚುವ ಆಕ್ಷೇಪ. ತಿಂಗಳಿಗೆ ಲಕ್ಷ ಎಣಿಸುವವರು ಭಾನುವಾರದ ಖುಷಿಗೆಂದು ಸ್ಟಿಕರ್ ಹುಡುಗರ ಕೂಲಿ ಕಿತ್ತುಕೊಳ್ಳುವುದು ಸರಿಯೇ? ನಿಜವಾಗಿ ಕಿತ್ತುಕೊಳ್ಳುವುದು ಎಷ್ಟು ಎಂದು ನೋಡಬೇಕು. ಹಾಳೆ ಅವರಲ್ಲೇ ಕೊಳ್ಳಬೇಕು, ಪ್ಲಾಟರಿನಲ್ಲಿ ಅವರೇ ಕತ್ತರಿಸಿಕೊಡಬೇಕು, ಅಂಗಡಿಗೆ ಲಾಭ ಬರುವುದೂ ಬಹುಮಟ್ಟಿಗೆ ಅದರಿಂದಲೇ. ಒಂದು ಕೆಲಸವನ್ನು ಸ್ವಂತ ಕೈಯಿಂದ ಮಾಡಿ ನೋಡಿದವನು ಅದೇ ಕೆಲಸ ಮಾಡುವವನ ಜೊತೆ ಚೌಕಾಸಿ ಮಾಡುವುದೂ ಕಡಿಮೆ, ನೇರ ಅಂಚಿನ ಬೆಲೆ ಅವನಿಗೆ ಗೊತ್ತಾಗಿರುತ್ತದೆ. ಬಾನೆಟ್, ರೂಫ್, ಡಿಕ್ಕಿ ಮುಗಿಸಿದ ಮೇಲೆ, ರಾಡಾರ್ ಇಲ್ಲದ ಕಾರಾದರೆ, ಪಟ್ಟೆ ಮುಂದಿನ ಬಂಪರಿನ ಮೇಲೂ ಇಳಿಯಬೇಕು ಎನ್ನಿಸುವುದು ಸಹಜ. ಅಲ್ಲಿ ಗ್ರಿಲ್ಲಿನ ಕೆಳಗೆ ಪ್ಲಾಸ್ಟಿಕ್ ಎರಡು ದಿಕ್ಕಿಗೂ ಬಾಗುತ್ತದೆ, ಹಾಳೆಯನ್ನು ಬಿಸಿಮಾಡಿ ಎಳೆಯದೆ ಕೂರುವುದಿಲ್ಲ, ಹೆಚ್ಚು ಎಳೆದರೆ ಬಣ್ಣ ತೆಳ್ಳಗಾಗಿ ಪಟ್ಟೆ ಅಗಲ ತಪ್ಪುತ್ತದೆ. ಆ ಒಂದಡಿ ಜಾಗವನ್ನು ಅಂಗಡಿಯ ಹುಡುಗನಿಗೆ ಬಿಟ್ಟು, ಕೇಳಿದಷ್ಟು ಕೊಟ್ಟು, ಅವನು ಹೇರ್ ಡ್ರೈಯರ್ ಯಾವ ದೂರದಲ್ಲಿ ಹಿಡಿಯುತ್ತಾನೆ, ಯಾವ ಕೈಯಿಂದ ಎಳೆಯುತ್ತಾನೆ ಎಂದು ಹತ್ತಿರ ನಿಂತು ನೋಡಿಕೊಂಡರೆ ಮೂರು ಬೇಸಿಗೆ ಕಳೆದು ಹಾಳೆ ಬದಲಿಸುವಾಗ ಅದನ್ನೂ ಪ್ರಯತ್ನಿಸಬಹುದು.